ಇಂಗ್ಲಿಷ್ ವೇಷ ಹಾಕಿದ ಜರ್ಮನ್ ಕ್ರಿಯಾಪದಗಳು

ತಪ್ಪು ಮಾಡಬಾರದೆಂದು ಶಿಸ್ತಿನಿಂದ ಬದುಕುವವರಿಗೇ ಇಂಥ ಪ್ರಸಂಗಗಳು ಮೇಲಿಂದ ಮೇಲೆ ಒದಗುತ್ತವೆ. ಏನೂ ಗೊತ್ತಿಲ್ಲದವರು ನಾಲ್ಕು ಜನರನ್ನು ಕೇಳಿ ಪಾರಾಗುತ್ತಾರೆ. ಇಂಗ್ಲಿಷ್ ಚೆನ್ನಾಗಿ ಬಲ್ಲವರು ಯಾರನ್ನೂ ಕೇಳುವುದಿಲ್ಲ.

ನಾನು ಸಿಂದಗಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮೇಟ್ರನ್. ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿಯ ಸಿಸ್ಟರುಗಳು ಕಲಿಸಿದ ವ್ಯಾಕರಣ ಇಂದಿಗೂ ನನ್ನ ಬೆನ್ನನ್ನು ನೆಟ್ಟಗಿಟ್ಟಿದೆ. ವಾರ್ಡಿನಲ್ಲಿ ಯಾರಾದರೂ ‘ಪೇಶಂಟ್ ಈಸ್ ಹ್ಯಾವಿಂಗ್ ಫೀವರ್’ ಎಂದರೆ ನಾನು ಮೊದಲು ವಾಕ್ಯ ತಿದ್ದಿ, ಆಮೇಲೆ ಜ್ವರ ನೋಡುತ್ತೇನೆ.

ನನ್ನ ಕೈಕೆಳಗಿನ ಇಬ್ಬರು ನರ್ಸುಗಳು ಜರ್ಮನಿಗೆ ಹೋಗುವ ಮನಸ್ಸು ಮಾಡಿದರು. ಒಬ್ಬಳು ಆಲಮೇಲದವಳು, ಇನ್ನೊಬ್ಬಳು ನಾಲತವಾಡದವಳು. ಇಬ್ಬರೂ ಕನ್ನಡ ಶಾಲೆಯಲ್ಲಿ ಓದಿದವರು. ಜರ್ಮನಿಯಿಂದಲೇ ಒಬ್ಬ ಶಿಕ್ಷಕಿ ದಿನವೂ ಸಂಜೆ ಲ್ಯಾಪ್‌ಟಾಪಿನಲ್ಲಿ ಪಾಠ ಹೇಳುತ್ತಿದ್ದರು. ನಾಲತವಾಡದವಳಿಗೆ ಅವಸರವಿರಲಿಲ್ಲ. ಆಲಮೇಲದವಳಿಗೆ ಮಾತ್ರ ಅಲ್ಲಿಯ ಒಂದು ಆಸ್ಪತ್ರೆ ಜಾಗ ಕಾದಿರಿಸಿತ್ತು. ಎರಡು ವರ್ಷ ಭಾಷೆ ಕಲಿಯಬೇಕು, ಆಮೇಲೆ ಒಂದೇ ಒಂದು ಸಂದರ್ಶನ. ಅದರಲ್ಲಿ ತಪ್ಪಿದರೆ ಜಾಗ ಬೇರೆಯವರಿಗೆ.

ಅವಳ ತಂದೆ ಆಲಮೇಲದಲ್ಲಿ ಟೇಲರ್. ನನ್ನನ್ನು ನೋಡಲೆಂದೇ ಬಂದರು.

“ನಮ್ಮ ಮನಿ ಹೆಣ್ಮಕ್ಕಳು ವಿಜಯಪುರ ದಾಟಿ ನೌಕರಿ ಮಾಡಿಲ್ರಿ ಮ್ಯಾಡಂ. ನಾ ಆ ಮಂದಿ ನೋಡಿಲ್ಲ, ಆ ಭಾಷಾ ಕೇಳಿಲ್ಲ. ನೀವು ಕಾನ್ವೆಂಟಿನ್ಯಾಗ ಕಲ್ತವ್ರು. ಆಕಿ ಬಾಜೂಕ ಕುಂತು ಅವ್ರು ಏನ ಕಲಸ್ತಾರ ನೋಡ್ರಿ. ನೀವು ಹೂಂ ಅಂದ್ರ ನಾ ಹೂಂ.”

“ಚಿಂತೆ ಬಿಡಿ,” ಎಂದೆ. “ಇಂಗ್ಲಿಷೂ ಜರ್ಮನ್ನೂ ಅಕ್ಕತಂಗಿಯರು. ಅಕ್ಕ ನನ್ನ ಕೈಯಲ್ಲಿದ್ದಾಳೆ, ತಂಗಿ ಎಲ್ಲಿ ಹೋಗುತ್ತಾಳೆ?”

ಆ ವಾರವೇ ಜರ್ಮನ್ ಪುಸ್ತಕದಿಂದ ನಲವತ್ತು ಕ್ರಿಯಾಪದಗಳನ್ನು ಆರಿಸಿ ಪಟ್ಟಿ ಮಾಡಿದೆ. ಎಲ್ಲವೂ ಕಂಡ ಕೂಡಲೇ ಇಂಗ್ಲಿಷ್ ಎಂದು ಗುರುತು ಸಿಗುವಂಥವು. ಎದುರಿಗೆ ನನಗೆ ತಿಳಿದ ಇಂಗ್ಲಿಷ್ ಅರ್ಥ ಬರೆದು, ಇಬ್ಬರಿಗೂ ಬಾಯಿಪಾಠ ಮಾಡಲು ಹೇಳಿದೆ. ಶಬ್ದಕೋಶ ನೋಡಲಿಲ್ಲ. ಗುರುತಿನವರ ಮನೆಗೆ ಹೋಗಲು ವಿಳಾಸ ಯಾರು ಕೇಳುತ್ತಾರೆ?

ಮುಂದಿನ ತಿಂಗಳು ಅಜ್ಜಿ

ಆಗ ನನ್ನ ಮಗಳು ಬಸವನ ಬಾಗೇವಾಡಿಯಲ್ಲಿ ತುಂಬು ಬಸುರಿ. ಶಿಕ್ಷಕಿ ಎಲ್ಲರಿಗೂ ತಮ್ಮ ತಮ್ಮ ಮನೆಯ ಸುದ್ದಿ ಹೇಳಿರೆಂದರು. ನನ್ನ ಪಟ್ಟಿಯ ಮೊದಲ ಶಬ್ದವೇ ‘ಬೆಕೊಮ್ಮೆನ್’. ಎದುರಿಗೆ ‘ಬಿಕಮ್’, ಅಂದರೆ ಆಗುವುದು, ಎಂದು ಬರೆದಿದ್ದೆ. ನಾನು ಅಜ್ಜಿಯಾಗುತ್ತಿದ್ದೇನೆ ಎಂದು ಹೇಳಲು ಎದ್ದು ನಿಂತೆ. ನಾವು ಉತ್ತರವನ್ನು ಕುಳಿತು ಹೇಳಿ ಕಲಿತವರಲ್ಲ.

“ಇಶ್ ಬೆಕೊಮ್ಮೆ ಐನೆ ಗ್ರೋಸ್‌ಮುಟರ್.”

ಶಿಕ್ಷಕಿಯ ಹುಬ್ಬು ಮೇಲೇರಿತು. “ಯಾವಾಗ?” ಎಂದು ಜರ್ಮನ್‌ನಲ್ಲಿ ಕೇಳಿದರು.

“ಮುಂದಿನ ತಿಂಗಳು. ಡಾಕ್ಟರು ಹೇಳಿದ್ದಾರೆ.”

“ಡಾಕ್ಟರು ಹೇಳಿದ್ದಾರೆಯೇ! ವಯಸ್ಸು?”

ನನ್ನದನ್ನು ಕೇಳುತ್ತಿದ್ದಾರೆಂದು ತಿಳಿದು “ಐವತ್ತಾರು” ಎಂದೆ.

ಅವರು ಬಾಯಿಗೆ ಕೈ ಅಡ್ಡ ಹಿಡಿದರು. ಆಲಮೇಲದವಳು ನನ್ನ ಸೀರೆಯ ಸೆರಗು ಜಗ್ಗಿದಳು.

“ಮ್ಯಾಡಂ, ಕುಂಡ್ರಿ. ಬೆಕೊಮ್ಮೆನ್ ಅಂದ್ರ ಆಗೂದಲ್ರಿ, ಸಿಗೂದು. ಹಡಿಯೂದಕ್ಕೂ ಅದನ್ನ ಅಂತಾರ. ಮುಂದಿನ ತಿಂಗಳ ಐವತ್ತಾರು ವರ್ಷದ ಒಬ್ಬಾಕಿ ಅಜ್ಜೀನ ಹಡೀತೇನಿ ಅಂದ್ರಿ ನೀವು.”

ಕುಳಿತೆ. ಪಾಠ ಮುಗಿದ ಮೇಲೆ, ಅವಳು ಇದನ್ನು ಹೇಗೆ ನೆನಪಿಟ್ಟಳೆಂದು ಕೇಳಿದೆ.

“ಬೇಕು, ಒಮ್ಮೆ. ಬೇಕು ಅಂದಿದ್ದು ಒಮ್ಮೆ ಸಿಗತೈತಿ. ಬೆಕ್-ಒಮ್ಮೆ-ನ್. ಇಷ್ಟರೀ.”

ವಿದೇಶಿ ಭಾಷೆಯನ್ನು ಹೀಗೆ ಕಲಿಯಬಾರದು, ಇದು ಅಶಿಸ್ತು ಎಂದು ಗದರಿಸಿದೆ. ಮನೆಗೆ ಹೋಗಿ ನನ್ನ ನೋಟ್‌ಬುಕ್ಕಿನಲ್ಲಿ ಅದನ್ನೇ ಬರೆದುಕೊಂಡೆ, ಕನ್ನಡದಲ್ಲಿ.

ರವಿವಾರದ ದಾನ

‘ಶ್ಪೆಂಡೆನ್’ ಎಂಬ ಶಬ್ದವನ್ನು ನೋಡಿ ‘ಸ್ಪೆಂಡ್’ ಅಲ್ಲವೆಂದು ಯಾರು ಹೇಳಿಯಾರು? ನಾಲತವಾಡದವಳು ನನ್ನ ಪಟ್ಟಿ ನೋಡಿ ಐದು ಸಾಲಿನ ಪ್ರಬಂಧ ಬರೆದಳು. ರವಿವಾರವನ್ನು ಅವ್ವನೊಂದಿಗೆ ಕಳೆಯುತ್ತೇನೆ ಎಂಬುದು ಅದರ ತಿರುಳು. ನಾನು ಕೆಂಪು ಶಾಯಿಯಲ್ಲಿ ‘ವೆರಿ ಗುಡ್’ ಎಂದು ಬರೆದು ಶಿಕ್ಷಕಿಗೆ ಕಳಿಸಿದೆ.

ಮರುದಿನ ಅವರು ಬಹಳ ಮೃದುವಾಗಿ ಕೇಳಿದರು. “ಪ್ರತಿ ರವಿವಾರ ನೀವು ನಿಮ್ಮ ತಾಯಿಯನ್ನು ದಾನ ಮಾಡುತ್ತೀರಿ ಎಂದು ಬರೆದಿದ್ದೀರಿ. ಅವರು ಸೋಮವಾರ ತಿರುಗಿ ಬರುತ್ತಾರೆಯೇ?”

ನಾಲತವಾಡದವಳು ನನ್ನ ಕಡೆಗೆ ತಿರುಗಿದಳು. “ಮ್ಯಾಡಂ, ಈ ಕಾಗದ ಹರದ ಬಿಡ್ರಿ. ನಮ್ಮವ್ವಗ ಗೊತ್ತಾತಂದ್ರ ಆಕಿ ನನ್ನ ದಾನಾ ಮಾಡ್ತಾಳ, ತಿರುಗಿ ತರಂಗಿಲ್ಲ.”

ಹಾಸಿಗೆಯ ಮೇಲಿನ ಬೋರ್ಡು

ಹುಡುಗಿಯರ ಕಣ್ಣಿಗೆ ದಿನವಿಡೀ ಜರ್ಮನ್ ಬೀಳಲೆಂದು, ಹೆರಿಗೆ ವಾರ್ಡಿನಲ್ಲಿ ಒಂದು ಬೋರ್ಡು ಹಾಕಿಸಿದೆ. ರೋಗಿಯನ್ನು ನೋಡಲು ಬಂದವರು ಹಾಸಿಗೆಯ ಮೇಲೆ ಕುಳಿತುಕೊಳ್ಳಕೂಡದು ಎಂಬ ನಿಯಮ ನಮ್ಮಲ್ಲಿ ಮೊದಲಿನಿಂದ ಇದೆ. ಯಾರೂ ಪಾಲಿಸುವುದಿಲ್ಲ, ಅದು ಬೇರೆ ಮಾತು. ಇಂಗ್ಲಿಷಿನ ‘ಮಸ್ಟ್ ನಾಟ್’ ಜರ್ಮನ್‌ನಲ್ಲಿ ‘ಮ್ಯುಸೆನ್ ನಿಶ್ಟ್’ ಎಂದು ನನಗೆ ಅನುಮಾನವೇ ಇರಲಿಲ್ಲ. ಆಲಮೇಲದವಳು ಏನೋ ಹೇಳಲು ಬಾಯಿ ತೆರೆದಳು. “ಹೇಳಿದಷ್ಟು ಬರಿ,” ಎಂದೆ. ಬರೆದಳು.

ಎರಡನೆಯ ದಿನ ಝಳಕಿಯಿಂದ ಒಬ್ಬ ಅಜ್ಜಿ ಸೊಸೆಯ ಹೆರಿಗೆಗೆ ಬಂದರು. ಬಂದವರೇ ಸೊಸೆಯ ಹಾಸಿಗೆಯ ತುದಿಗೆ ಕುಳಿತು ಎಲೆ ಅಡಿಕೆಯ ಚೀಲ ಬಿಚ್ಚಿದರು.

“ಬೋರ್ಡು ನೋಡಿದಿರಾ?” ಎಂದೆ.

“ನೋಡಿನ್ರಿ. ನನಗ ಕನ್ನಡಾನ ಓದಾಕ ಬರಂಗಿಲ್ಲ. ಇದ್ಯಾವ ಭಾಷಾರೀ ಯವ್ವಾ?”

“ಜರ್ಮನ್.”

“ಹಾಂ! ನಮ್ಮ ಸೊಸಿ ಸಲುವಾಗಿ? ಏನ ಬರದೀರಿ ಅದ್ರಾಗ?”

ನಿಯಮಕ್ಕೆ ತೂಕ ಬರಲೆಂದು ಆಲಮೇಲದವಳನ್ನು ಕರೆದೆ. “ಇವರಿಗೆ ಓದಿ ಹೇಳು. ಒಂದಕ್ಷರ ಹೆಚ್ಚು ಕಡಿಮೆ ಆಗಬಾರದು.”

ಅವಳು ಪ್ರಾಮಾಣಿಕ ಹುಡುಗಿ. ಅದು ನಾನೇ ಕಲಿಸಿದ ಗುಣ. ಓದಿದಳು. “ನೋಡಾಕ ಬಂದವ್ರು ಹಾಸಿಗಿ ಮ್ಯಾಲ ಕುಂಡ್ರಲೇಬೇಕು ಅಂತ ಏನಿಲ್ಲ.”

“ಅಂದ್ರ?” ಎಂದರು ಅಜ್ಜಿ.

ಹುಡುಗಿ ನನ್ನ ಮುಖ ನೋಡಿದಳು, ಬೋರ್ಡು ನೋಡಿದಳು. “ಅಂದ್ರ... ಮನಸ್ಸಿದ್ರ ಕುಂಡ್ರಬಹುದು, ಇಲ್ಲಾಂದ್ರ ಬಿಡಬಹುದು, ಅಂತ ಐತ್ರಿ. ಕೂಡದು ಅನ್ನಾಕ ಬ್ಯಾರೆ ಶಬ್ದ ಐತಿ.”

“ಮನಸ್ಸೈತಿ ತಂಗಿ,” ಎಂದು ಅಜ್ಜಿ ಕೆಳಗಿದ್ದ ಎರಡೂ ಕಾಲುಗಳನ್ನು ಮೇಲೆ ಎಳೆದುಕೊಂಡರು.

ಹನ್ನೆರಡಕ್ಕೆ, ಎಲ್ಲರಿಗೂ

ಸಂದರ್ಶನ ಹತ್ತಿರ ಬಂದಂತೆ ಶಿಕ್ಷಕಿ ತಾವೇ ರೋಗಿಯಾಗಿ ನಟಿಸಿ ಹುಡುಗಿಯಿಂದ ಮಾತನಾಡಿಸತೊಡಗಿದರು. ಒಂದು ಸಂಜೆ ಕಂಬಳಿ ಹೊದ್ದು, ಕಣ್ಣು ಒರೆಸಿಕೊಳ್ಳುತ್ತ, ಕ್ಷೀಣ ದನಿಯಲ್ಲಿ ಹೇಳಿದರು. “ಇಶ್ ವಿಲ್ ಶ್ಟೆರ್ಬೆನ್.”

ಆಲಮೇಲದವಳು ಕೂಡಲೇ ಉತ್ತರಿಸಲಿಲ್ಲ. ಮುಂದಕ್ಕೆ ಬಾಗಿ, ಏನು ಹೇಳಬೇಕೆಂದು ಯೋಚಿಸುತ್ತಿದ್ದಳು. ರೋಗಿಯನ್ನು ಕಾಯಿಸುವುದು ನನಗೆ ಸೇರುವುದಿಲ್ಲ. ‘ವಿಲ್’ ಎಂದರೆ ವಿಲ್, ಅದು ಮಗುವಿಗೂ ಗೊತ್ತು. ‘ಶ್ಟೆರ್ಬೆನ್’ ಎಂದರೆ ‘ಸ್ಟಾರ್ವ್’. ಹಸಿವಿನಿಂದ ಕಂಗೆಡುತ್ತೇನೆ ಎನ್ನುತ್ತಿದ್ದಾರೆ, ಪಾಪ.

“ಸರಿ, ನಾನು ತೋರಿಸುತ್ತೇನೆ,” ಎಂದು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿಕೊಂಡು, ಮುಗುಳ್ನಕ್ಕು ಹೇಳಿದೆ. “ಕೈನ್ ಪ್ರೊಬ್ಲೇಮ್! ಉಮ್ ಟ್ಸ್ವೋಲ್ಫ್ ಊರ್.” ಏನೂ ತೊಂದರೆಯಿಲ್ಲ, ಹನ್ನೆರಡು ಗಂಟೆಗೆ.

ಶಿಕ್ಷಕಿಯ ಅಳು ನಿಂತಿತು. “ಹನ್ನೆರಡಕ್ಕೆ?”

“ಹೌದು. ಸರಿಯಾಗಿ ಹನ್ನೆರಡಕ್ಕೆ. ಇಲ್ಲಿ ಎಲ್ಲರಿಗೂ ಆಗಲೇ. ಜೊತೆಗೆ ಸೂಪು.”

ಅವರು ಕಂಬಳಿ ತೆಗೆದಿಟ್ಟರು.

“ಮ್ಯಾಡಂ,” ಎಂದಳು ಆಲಮೇಲದವಳು ನಿಧಾನವಾಗಿ, “ವಿಲ್ ಅಂದ್ರ ಬೇಕು. ಶ್ಟೆರ್ಬೆನ್ ಅಂದ್ರ ಸಾಯೂದು. ಪೇಶಂಟ್ ನನಗ ಸಾಯಬೇಕಾಗೇತಿ ಅಂತ ಅಳಾಕತ್ತಿದ್ರು. ನೀವು ಅಡ್ಡಿಯಿಲ್ಲ, ಹನ್ನೆರಡಕ್ಕ, ಎಲ್ಲಾರಿಗೂ ಅಂದ್ರಿ.”

“ಮ್ಯಾಲ ಸೂಪ್ ಬ್ಯಾರೆ,” ಎಂದಳು ನಾಲತವಾಡದವಳು.

ಆ ದಿನವೇ ಪಟ್ಟಿಯಿಂದ ಕೆಟ್ಟ ಶಬ್ದಗಳನ್ನೆಲ್ಲ ಹೊಡೆದು ಹಾಕಿದೆ. ಉಳಿದ ಮೂವತ್ತಾರು ಸರಿಯಾಗಿಯೇ ಇದ್ದವು.

ಟೇಲರ್ ಪಾಠ ನೋಡಲು ಬಂದದ್ದು

ಸಂದರ್ಶನಕ್ಕೆ ಹದಿನೈದು ದಿನ ಉಳಿದಾಗ ಹುಡುಗಿಯ ತಂದೆ ಬಂದರು. ಹೂಂ ಅನ್ನಬೇಕೋ ಊಂಹೂಂ ಅನ್ನಬೇಕೋ ಇವತ್ತು ತೀರ್ಮಾನ ಎಂದರು. ಬಸ್ಸು ತಪ್ಪೀತೆಂಬ ಗಡಿಬಿಡಿಯಲ್ಲಿ ಬಂದದ್ದರಿಂದ ಅಳತೆಯ ಟೇಪು ಕೊರಳಲ್ಲಿಯೇ ಇತ್ತು. ನನ್ನ ಪಕ್ಕದ ಕುರ್ಚಿಯಲ್ಲಿ ಕೂಡಿಸಿದೆ. ಹುಡುಗಿ ಆ ದಿನ ಒಂದೂ ತಪ್ಪಿಲ್ಲದೆ ಮಾತನಾಡಿದಳು. ತಂದೆಗೆ ಒಂದಕ್ಷರ ತಿಳಿಯದಿದ್ದರೂ ಮಗಳ ಬಾಯಿಯನ್ನೇ ನೋಡುತ್ತ ಕುಳಿತಿದ್ದರು. ನನಗೆ ಸಮಾಧಾನವಾಯಿತು.

ಪಾಠ ಮುಗಿಯಿತು. ಶಿಕ್ಷಕಿ ಟೇಲರನ್ನು ಕಂಡು ಮುಖ ಅರಳಿಸಿ, “ಈಗ ನಾವೆಲ್ಲರೂ ತಂದೆಯವರಿಗೆ ವಿಂಕೆನ್ ಮಾಡೋಣ!” ಎಂದು ಜರ್ಮನ್‌ನಲ್ಲಿ ಹೇಳಿದರು.

“ಏನಂತಾರ್ರಿ?” ಎಂದರು ಟೇಲರ್.

ವಿಂಕೆನ್ ಎಂದರೆ ‘ವಿಂಕ್’. ಆದರೆ ನಾನು ಸುಳ್ಳು ಹೇಳುವವಳಲ್ಲ.

“ಎಲ್ಲರೂ... ಕಣ್ಣು ಹೊಡೆಯೋಣ ಎನ್ನುತ್ತಿದ್ದಾರೆ.”

“ಯಾರಿಗೆ?”

“ನಿಮಗೆ.”

ಟೇಲರ್ ಕುರ್ಚಿಯಿಂದ ಎದ್ದರು. “ನನಗ? ಆ ಹೆಣ್ಮಗಳು? ಮಗಳ ಮುಂದ? ಇದನ್ನೇನ್ರಿ ಮ್ಯಾಡಂ ನೀವು ಎರಡು ವರ್ಷ ಬಾಜೂಕ ಕುಂತು ಕಲ್ಸಿದ್ದು?”

ಕೊರಳ ಟೇಪನ್ನು ಎಳೆದು ಕೈಗೆ ಸುತ್ತಿಕೊಳ್ಳತೊಡಗಿದರು. ಎರಡು ವರ್ಷ ಪಟ್ಟ ಕಷ್ಟವೆಲ್ಲ ಬಾಗಿಲ ಕಡೆ ನಡೆಯುತ್ತಿರುವುದು ನನಗೆ ಕಾಣಿಸಿತು. ಇದು ಆ ದೇಶದ ಸಭ್ಯತೆ ಇರಬೇಕು, ಇದರಲ್ಲಿ ಕೆಟ್ಟದ್ದೇನೂ ಇಲ್ಲವೆಂದು ಈ ಮನುಷ್ಯನಿಗೆ ತೋರಿಸಬೇಕು, ತೋರಿಸಲು ಅಲ್ಲಿ ನನ್ನಷ್ಟು ವಯಸ್ಸಿನವರೂ ಗೌರವಸ್ಥರೂ ಬೇರೆ ಯಾರೂ ಇಲ್ಲ. ನಾನು ಎದ್ದು, ಸೆರಗು ಸರಿಮಾಡಿಕೊಂಡು, ಟೇಲರ್ ಕಡೆ ತಿರುಗಿ, ಕಣ್ಣು ಹೊಡೆದೆ. ಅಭ್ಯಾಸವಿಲ್ಲದ್ದರಿಂದ ಮೊದಲು ಎರಡೂ ಮುಚ್ಚಿದವು. ಎರಡನೆಯ ಸಲ ಸರಿಯಾಗಿ ಬಂತು.

“ಅಯ್ಯ ಮ್ಯಾಡಂ!” ಎಂದು ಆಲಮೇಲದವಳು ಕೂಗಿದಳು. “ಅಪ್ಪಾ, ನಿಂದರು! ವಿಂಕೆನ್ ಅಂದ್ರ ಕೈ ಬೀಸೂದು! ನೋಡಿಲ್ಲಿ!”

ಪರದೆಯ ಮೇಲೆ ಶಿಕ್ಷಕಿ ಎರಡೂ ಕೈ ಎತ್ತಿ ಬೀಸುತ್ತಿದ್ದರು. ನಾಲತವಾಡದವಳೂ ಬೀಸುತ್ತಿದ್ದಳು. ಟೇಲರ್ ಬಾಗಿಲಲ್ಲಿ ನಿಂತು ನೋಡಿದರು. ಮೆಲ್ಲಗೆ ತಮ್ಮ ಕೈಯನ್ನೂ ಎತ್ತಿ, ಟೇಪಿನ ಸಮೇತ ಬೀಸಿದರು. “ಚಲೋ ಮಂದಿ ಅದಾರ,” ಎಂದು ಮತ್ತೆ ಬಂದು ಕುಳಿತರು. “ಹೋಗಲಿ ಬಿಡ್ರಿ. ನಂದು ಹೂಂ.”

ಚಹಾ ಬಂತು. ಟೇಲರ್ ಅರ್ಧ ಕಪ್ಪು ಕುಡಿದರು. ಆಮೇಲೆ ನನ್ನ ಕಡೆ ನೋಡದೆ ಕೇಳಿದರು.

“ಹಂಗಾರ ಮ್ಯಾಡಂ, ನೀವು ಮಾಡಿದ್ದು ಯಾವ ದೇಶದ್ದ್ರಿ?”

ಸಂದರ್ಶನ

ಸಂದರ್ಶನದ ದಿನ ಆಸ್ಪತ್ರೆಯ ಆಫೀಸ್ ಕೋಣೆ ಖಾಲಿ ಮಾಡಿಸಿದೆ. ಹುಡುಗಿ ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ಕ್ಯಾಮೆರಾದ ಎದುರು ಕುಳಿತಳು. ನಾನು ಒಂದು ಮೊಳ ದೂರದಲ್ಲಿ, ಕ್ಯಾಮೆರಾಕ್ಕೆ ಕಾಣದಂತೆ. ಬೇರೆ ಯಾರೂ ಮಾತನಾಡಕೂಡದೆಂದು ಮೊದಲೇ ತಿಳಿಸಿದ್ದರು. ನಾನೂ ಪೆನ್ನು ಕಾಗದ ಮಾತ್ರ ಇಟ್ಟುಕೊಂಡಿದ್ದೆ.

ಪರದೆಯ ಮೇಲೆ ಇಬ್ಬರು ಬಂದರು. ಒಬ್ಬರು ಆಫೀಸಿನ ಗಂಡಸು, ಇನ್ನೊಬ್ಬರು ಅಲ್ಲಿಯ ಮೇಟ್ರನ್. ಬಿಳಿಗೂದಲು, ಕುತ್ತಿಗೆಯವರೆಗೆ ಗುಂಡಿ, ತುಟಿಯ ಮೇಲೆ ನಗುವಿನ ಸುಳಿವೂ ಇಲ್ಲ. ನೋಡಿದ ಕೂಡಲೇ ನನಗೆ ಗೌರವ ಉಂಟಾಯಿತು.

ಹುಡುಗಿ ಊರು, ಓದು, ಅನುಭವ ಎಲ್ಲವನ್ನೂ ಅಚ್ಚುಕಟ್ಟಾಗಿ ಹೇಳಿದಳು. ಆಗ ಆ ಮೇಟ್ರನ್ ಕೇಳಿದರು. “ರೋಗಿಯ ಕರೆಗಂಟೆಯನ್ನು ನೀವು ಯೂಬರ್‌ಹೋರೆನ್ ಮಾಡಿದರೆ ಮುಂದೆ ಏನು ಮಾಡುವಿರಿ?”

ನಾನು ಶಬ್ದವನ್ನು ಬಿಡಿಸಿದೆ. ಯೂಬರ್ ಎಂದರೆ ಓವರ್. ಹೋರೆನ್ ಎಂದರೆ ಹಿಯರ್. ‘ಓವರ್‌ಹಿಯರ್’! ತನಗೆ ಸಂಬಂಧಿಸದ್ದು ಕಿವಿಗೆ ಬೀಳುವುದು. ಗಂಟೆ ಎಂದದ್ದು ಬರೀ ನೆಪ. ಇದು ಹುಡುಗಿಯ ನಡತೆಯ ಪರೀಕ್ಷೆ. ಕಾಗದದ ಮೇಲೆ ದೊಡ್ಡದಾಗಿ ಬರೆದು ಅವಳ ಮುಂದೆ ಸರಿಸಿದೆ: ‘ಬೇರೆಯವರ ವಿಷಯಕ್ಕೆ ನಾನು ಕಿವಿಗೊಡುವುದಿಲ್ಲ ಎನ್ನು.’

ಅವಳು ಒಮ್ಮೆ ಓದಿ, ಅದರ ಮೇಲೆ ಮೊಳಕೈ ಇಟ್ಟುಬಿಟ್ಟಳು. ಆಮೇಲೆ ಸರಸರನೆ ಉತ್ತರಿಸತೊಡಗಿದಳು. ನನಗೆ ತಿಳಿದದ್ದು ‘ಕೂಡಲೇ’ ಮತ್ತು ‘ಕ್ಷಮಿಸಿ’ ಎಂಬ ಎರಡು ಶಬ್ದಗಳು. ಕ್ಷಮಿಸಿ! ಹುಡುಗಿ ಕದ್ದು ಕೇಳಿದ್ದನ್ನು ಒಪ್ಪಿಕೊಳ್ಳುತ್ತಿದ್ದಾಳೆ! ಎದುರಿಗೆ ಜೀವಮಾನದ ಒಂದೇ ಸಂದರ್ಶನ.

“ಕ್ಷಮೆ ಏಕೆ ಕೇಳುತ್ತಿ?” ಎಂದು ಪಿಸುಗುಟ್ಟಿದೆ. “ಕೇಳಿಸಿಯೇ ಇಲ್ಲ ಎನ್ನು!”

ನನ್ನ ಪಿಸುಮಾತು ವಾರ್ಡಿನ ಆ ತುದಿಗೂ ಕೇಳುವಂಥದ್ದೆಂದು ಆಗ ನೆನಪಾಗಲಿಲ್ಲ.

ಜರ್ಮನಿಯ ಮೇಟ್ರನ್ ಕೈ ಎತ್ತಿ ಹುಡುಗಿಯನ್ನು ನಿಲ್ಲಿಸಿದರು. “ಅಲ್ಲಿ ಮಾತನಾಡಿದವರು ಯಾರು?”

ಗಂಡಸು ಪೆನ್ನು ಕೆಳಗಿಟ್ಟರು. ನಿಯಮ ಮುರಿದಿತ್ತು, ಮುರಿದವಳು ನಾನು. ಕುರ್ಚಿಯನ್ನು ಇನ್ನಷ್ಟು ಹಿಂದಕ್ಕೆ ಸರಿಸಿದೆ.

ಹುಡುಗಿ ಮಾತ್ರ ಬೆನ್ನು ನೆಟ್ಟಗಿಟ್ಟುಕೊಂಡೇ ಹೇಳಿದಳು. “ನಮ್ಮ ಮೇಟ್ರನ್. ಇಶ್ ಯೂಬರ್‌ಹೋರೆ ಝೀ.”

ಅವರ ಮಾತು ನನ್ನ ಕಿವಿಗೆ ಬೀಳುತ್ತಿದೆ. ನಾನು ಮಾಡಿಕೊಂಡ ಅರ್ಥ ಇದು. ಸುಳ್ಳಾಡಲಿಲ್ಲವಲ್ಲ ಹುಡುಗಿ ಎಂದು ಮನಸ್ಸು ತುಂಬಿತು.

ಜರ್ಮನಿಯ ಮೇಟ್ರನ್ನಿನ ತುಟಿ ಸ್ವಲ್ಪ ಅಲುಗಿತು. “ಇಮ್ಮರ್?” ಎಂದರು. ಯಾವಾಗಲೂ?

ಇದು ನನಗೆ ಸ್ಪಷ್ಟವಾಗಿ ತಿಳಿಯಿತು. ಮೇಲಿನವರ ಮಾತಿಗೆ ಈ ಹುಡುಗಿ ಯಾವಾಗಲೂ ಕಿವಿಗೊಡುತ್ತಾಳೆಯೇ ಎಂದು ಅವರಿಗೆ ಸಂಶಯ. ಕೆಲಸದ ಹುಡುಗಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ, ಉತ್ತರಿಸಲು ನನಗಿಂತ ತಕ್ಕವರೂ ಇಲ್ಲ. ಕುರ್ಚಿಯನ್ನು ಎಳೆದು, ಮುಖವನ್ನು ಕ್ಯಾಮೆರಾದ ತೀರ ಹತ್ತಿರ ತಂದು, ನನಗೆ ಬರುವ ಜರ್ಮನ್ನನ್ನೆಲ್ಲ ಒಟ್ಟುಗೂಡಿಸಿ ಹೇಳಿದೆ.

“ಯಾ! ಇಮ್ಮರ್! ಎರಡು ವರ್ಷದಿಂದ ಝೀ ಯೂಬರ್‌ಹೋರ್ಟ್ ಮಿಶ್! ಪ್ರತಿ ದಿನ! ಬಹಳ ಒಳ್ಳೆಯ ನರ್ಸು!” ಇವಳು ನನ್ನ ಮಾತಿಗೆ ಕಿವಿಗೊಡುತ್ತಾಳೆ ಎಂದು ಹೇಳಿದೆನೆಂಬುದು ನನ್ನ ಲೆಕ್ಕ.

ಗಂಡಸು ಮೇಜಿನ ಕೆಳಗೆ ಏನನ್ನೋ ಹುಡುಕಲು ಬಾಗಿದವರು ಬಹಳ ಹೊತ್ತು ಮೇಲೆ ಬರಲಿಲ್ಲ. ಜರ್ಮನಿಯ ಮೇಟ್ರನ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನನ್ನನ್ನೇ ನೋಡುತ್ತ, ಒಬ್ಬ ಮೇಟ್ರನ್ ಇನ್ನೊಬ್ಬ ಮೇಟ್ರನ್ನಿಗೆ ಹೇಳುವ ಹಾಗೆ, “ಮಿಶ್ ಆಉಖ್,” ಎಂದರು. ನನ್ನನ್ನೂ. “ಎಲ್ಲರೂ.” ಆಮೇಲೆ ಹುಡುಗಿಗೆ, ಇಷ್ಟು ಭಾಷೆ ಬಂದರೆ ಸಾಕು, ಸ್ವಾಗತ, ನಿಮ್ಮ ದಾರಿ ಕಾಯುತ್ತೇವೆ ಎಂದು ಹೇಳಿ ಪರದೆಯಿಂದ ಮರೆಯಾದರು.

ಆಲಮೇಲದವಳು ಮೇಜಿನ ಮೇಲೆ ತಲೆ ಇಟ್ಟಿದ್ದಳು. ಭುಜ ಕುಣಿಯುತ್ತಿತ್ತು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯದು, ಎರಡೂ ಇರಬೇಕು.

“ಆಯ್ಕೆ ಮಾಡಿದ್ದು ಸರಿ,” ಎಂದೆ. “ಅವರು ನಕ್ಕದ್ದು ಏಕೆ?”

“ಏನಿಲ್ಲ ಬಿಡ್ರಿ ಮ್ಯಾಡಂ.”

“ನಾನು ಕೇಳುತ್ತಿದ್ದೇನೆ.”

ಅವಳು ಕಣ್ಣು ಒರೆಸಿಕೊಂಡಳು. “ಯೂಬರ್‌ಹೋರೆನ್ ಅಂದ್ರ ಓವರ್‌ಹಿಯರ್ ಅಲ್ರಿ. ಕೇಳ್ಸಲಾರದ ಹೋಗೂದು. ಗಂಟಿ ಕೇಳಲಿಲ್ಲ ಅಂದ್ರ ಏನ ಮಾಡ್ತಿ ಅಂತ ಕೇಳಿದ್ರು. ಗೊತ್ತಾದ ಕೂಡ್ಲೆ ಓಡಿ ಹೋಗಿ ಕ್ಷಮಿಸ್ರಿ ಅಂತೇನಿ ಅಂದೆ. ಅದಕ್ಕ ಇನ್ನೊಂದ ಅರ್ಥಾನೂ ಐತಿ.”

“ಏನದು?”

“ಕೇಳ್ಸಿದ್ರೂ ಕಿವಿ ಮ್ಯಾಲ ಹಾಕ್ಕೊಳ್ಳಲಾರದ ಸುಮ್ನಿರೂದು.”

ನಾನು ನಡೆದದ್ದನ್ನೆಲ್ಲ ಮೊದಲಿನಿಂದ ಮನಸ್ಸಿನಲ್ಲಿ ಜೋಡಿಸಿ ನೋಡಿದೆ. ಜೋಡಿಸುತ್ತ ಹೋದಂತೆ ಕಾನ್ವೆಂಟಿನ ಕನ್ನಡ ನನ್ನನ್ನು ಬಿಟ್ಟು ಹೋಯಿತು.

“ಅಂದ್ರ, ಎರಡು ವರ್ಷ ನಾ ಹೇಳಿದ್ದು ಒಂದ ಮಾತೂ ನೀ ಕೇಳಿಲ್ಲ ಅಂತ ನಾನ ಬಾಯಿ ಬಿಟ್ಟು ಸರ್ಟಿಫಿಕೇಟ್ ಕೊಟ್ಟೆನೇನ?”

“ಹೌದ್ರಿ ಮ್ಯಾಡಂ,” ಎಂದಳು ಹುಡುಗಿ. “ಅದಕ್ಕ ಪಾಸಾದ್ನಿ.”